ಬೇಸಿಗೆಯಲ್ಲಿ ಹಂದಿಗೆ ಹೊತ್ತು ನೋಡಿ ಉಣಿಸಿ

ಬೇಸಿಗೆ ಬಂತೆಂದರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಕಡೆಯ ಹಂದಿ ಸಾಕಣೆದಾರರು ಚಾವಣಿಗೆ ತೆಂಗಿನ ಗರಿ ಹೊದಿಸುತ್ತಾರೆ, ಗೋಣಿತಾಟು ನೆನೆಸಿ ಕಟ್ಟುತ್ತಾರೆ, ಹಂದಿಗಳ ಮೈಮೇಲೆ ನೀರು ಚಿಮುಕಿಸುತ್ತಾರೆ. ಇವೆಲ್ಲ ಸರಿಯೇ. ಆದರೆ ಹಂದಿಯ ಹೊಟ್ಟೆಯೊಳಗೂ ಒಂದು ಒಲೆ ಉರಿಯುತ್ತಿರುತ್ತದೆ. ಅದಕ್ಕೆ ಯಾವ ಹೊತ್ತಿನಲ್ಲಿ ಯಾವ ಸೌದೆ ಇಡುತ್ತಿದ್ದೇವೆ ಎಂದು ಯೋಚಿಸುವವರು ಕಡಿಮೆ. ಬೇಸಾಯಶಾಸ್ತ್ರದವನಿಗೆ ಹಂದಿಯ ಗೊಡವೆ ಏಕೆಂದು ಕೆಲವರು ಕೇಳಬಹುದು. ರಾಗಿ, ಮುಸುಕಿನ ಜೋಳ ಬೆಳೆಯುವುದನ್ನು ಹೇಳಿಕೊಡುವವನು ಆ ಕಾಳು ಯಾವ ಬಾನಿಗೆ ಬೀಳುತ್ತದೆ ಎಂಬುದನ್ನೂ ನೋಡಬೇಕಲ್ಲವೇ?

ಹಂದಿ ಹೆಚ್ಚುಕಡಿಮೆ ಬೆವರುವುದೇ ಇಲ್ಲ. ಉಷ್ಣಾಂಶ 25 ಡಿಗ್ರಿ ಸೆಂಟಿಗ್ರೇಡ್ ದಾಟಿದರೆ ದೊಡ್ಡ ಹಂದಿಗಳು ಏದುಸಿರು ಬಿಟ್ಟು, ತೇವದ ನೆಲಕ್ಕೆ ಮೈಚಾಚಿ ಶಾಖ ಕಳೆಯಲು ಹೆಣಗುತ್ತವೆ, ಮೇವು ಬಿಡುತ್ತವೆ. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ ಸಾಮಾನ್ಯ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ 39.2 ಡಿಗ್ರಿ ದಾಖಲಾಗಿತ್ತು. ತಗಡಿನ ಚಾವಣಿಯ ಕೆಳಗಿನ ಪಾಡು ಹೇಳುವುದೇ ಬೇಡ. ಕೊಬ್ಬಿಸುವ ಹಂದಿ ಮೇವು ಬಿಟ್ಟರೆ ಮಾರಾಟ ಕೆಲವು ವಾರ ತಡವಾಗುತ್ತದೆ, ಅಷ್ಟೆ. ಹಾಲೂಡಿಸುವ ತಾಯಿಹಂದಿಯ ನಷ್ಟ ದೊಡ್ಡದು. ಹಾಲು ಇಳಿಯುತ್ತದೆ, ಮರಿಗಳು ಸೊರಗುತ್ತವೆ, ತಾಯಿ ತನ್ನ ಮೈಯನ್ನೇ ಕರಗಿಸಿಕೊಳ್ಳುತ್ತದೆ. ಮರಿ ಬಿಡಿಸಿದ ವಾರದೊಳಗೆ ಬೆದೆಗೆ ಬರಬೇಕಾದದ್ದು ಬರುವುದಿಲ್ಲ. ಒಂದು ಬೇಸಿಗೆಯ ಲೆಕ್ಕ ಮುಂದಿನ ಸೂಲಿನವರೆಗೂ ಹರಿಯುತ್ತದೆ.

ಹಿಂಡಿ ಉಷ್ಣ, ತೌಡು ತಂಪು ಎಂಬ ನಂಬಿಕೆಯಿಂದ ಬೇಸಿಗೆಯಲ್ಲಿ ಹಿಂಡಿ ತೆಗೆದು ತೌಡು ತುಂಬುವವರಿದ್ದಾರೆ. ಮೊದಲರ್ಧ ನಿಜ. ಹೆಚ್ಚಾದ ಸಸಾರಜನಕವನ್ನು ಒಡೆದು ಹೊರಹಾಕುವಾಗ ದೇಹದಲ್ಲಿ ಶಾಖ ಹುಟ್ಟುತ್ತದೆ. ಆದರೆ ನಾರು ಜೀರ್ಣವಾಗುವಾಗಲೂ ಶಾಖ ಹುಟ್ಟುತ್ತದೆ; ಎಣ್ಣೆ ತೆಗೆದ ತೌಡಿನಲ್ಲಿ ಆ ನಾರು ಹೆಚ್ಚು. ಅತಿ ಕಡಿಮೆ ಶಾಖ ಕೊಡುವುದು ಕೊಬ್ಬು. ಆದ್ದರಿಂದ ತೌಡು ತಗ್ಗಿಸಿ, ಮುಸುಕಿನ ಜೋಳ ಅಥವಾ ರಾಗಿ ಹೆಚ್ಚಿಸಿ, ಕ್ವಿಂಟಾಲಿಗೆ 3 ಕಿಲೊ ಅಡುಗೆ ಎಣ್ಣೆ ಬೆರೆಸುವುದು ಮೇಲು. ಹಂದಿ ಸ್ವಲ್ಪವೇ ತಿಂದರೂ ಶಕ್ತಿ ಸಿಗುತ್ತದೆ. ಹೋಟೆಲಿನಲ್ಲಿ ಕಾದು ಕರಕಾದ ಎಣ್ಣೆ ಬೇಡ. ಎಣ್ಣೆ ತೆಗೆಯದ ತೌಡು ಬಿಸಿಲಿನಲ್ಲಿ ಬೇಗ ಕಮಟುತ್ತದೆ. ವಾರಕ್ಕೆ ಸಾಕಾಗುವಷ್ಟೇ ತನ್ನಿ. ಬೆಳೆಯುವ ಹಂದಿಯ ಆಹಾರದಲ್ಲಿ ಸಸಾರಜನಕವನ್ನು ಶೇಕಡಾ 16ರಿಂದ 14ಕ್ಕೆ ಇಳಿಸಬಹುದು. ಆದರೆ ಲೈಸಿನ್ ಎಂಬ ಅಮೈನೊ ಆಮ್ಲವನ್ನು ಕ್ವಿಂಟಾಲಿಗೆ ಸುಮಾರು 200 ಗ್ರಾಂ ಸೇರಿಸದೆ ಇಳಿಸಿದರೆ ಬೆಳವಣಿಗೆ ಕುಂಠಿತವಾಗುತ್ತದೆ. ಕಡಲೆಕಾಯಿ ಹಿಂಡಿಯಲ್ಲಿ ಲೈಸಿನ್ ಕಡಿಮೆ. ಈ ವಿಷಯದಲ್ಲಿ ಸೋಯಾ ಹಿಂಡಿಯೇ ಉತ್ತಮ.

ಇವಕ್ಕೆಲ್ಲ ದುಡ್ಡು ಬೇಕು. ದುಡ್ಡು ಬೇಡದ ಉಪಾಯವೊಂದಿದೆ. ನಮ್ಮ ಸೀಮೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಏಪ್ರಿಲ್‌ನಲ್ಲೂ ಬೆಳಗಿನ ಜಾವ 22 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಕರಾವಳಿಯವರಿಗೆ ಈ ಭಾಗ್ಯವಿಲ್ಲ. ತಿಂದ ಮುಂದಿನ ಕೆಲವು ಗಂಟೆಗಳಲ್ಲಿ ಹೊಟ್ಟೆಯ ಶಾಖ ಏರುವುದರಿಂದ, ಬೆಳಿಗ್ಗೆ 6ರೊಳಗೆ ಒಮ್ಮೆ, ರಾತ್ರಿ 8ಕ್ಕೆ ಒಮ್ಮೆ ಉಣಿಸಿ. ಹಾಲೂಡಿಸುವ ತಾಯಿಗೆ 10ರ ಹೊತ್ತಿಗೆ ಇನ್ನೊಂದು ಬಾರಿ ಕೊಡಿ. ಹಿಟ್ಟನ್ನು ನೀರಿನಲ್ಲಿ ಕಲಸಿ ಕೊಟ್ಟರೆ ಇನ್ನೂ ಚೆನ್ನಾಗಿ ತಿನ್ನುತ್ತವೆ. ಉಳಿದದ್ದನ್ನು ಹುಳಿಯಲು ಬಿಡದೆ ತೆಗೆಯಿರಿ.

ಇದಕ್ಕೆ ಅಡ್ಡ ಬರುವುದು ಮುಸುರೆ ಗಾಡಿ. ಬೆಂಗಳೂರಿನ ಹೋಟೆಲಿನ ಮುಸುರೆ ನಡುಮಧ್ಯಾಹ್ನ ಬಂದು, ಆ ಕ್ಷಣವೇ ಬಾನಿಗೆ ಬೀಳುತ್ತದೆ. ಗಾಡಿಯವನ ಅನುಕೂಲಕ್ಕೆ ಹಂದಿ ಬೇಯಬೇಕೇ? ಸಂಜೆ ತರಲು ಒಪ್ಪಿಸಿ, ಅರ್ಧ ಗಂಟೆ ಚೆನ್ನಾಗಿ ಕುದಿಸಿ, ಆರಿಸಿ, ರಾತ್ರಿ ಕೊಡಿ. ಆಫ್ರಿಕನ್ ಹಂದಿ ಜ್ವರ 2020ರಲ್ಲಿ ನಮ್ಮ ದೇಶದಲ್ಲಿ ಕಾಣಿಸಿಕೊಂಡ ಮೇಲಂತೂ ಕುದಿಸದ ಮುಸುರೆ ಕೊಡುವುದು ದೊಡ್ಡಿಯನ್ನೇ ಪಣಕ್ಕಿಟ್ಟಂತೆ. ಆ ರೋಗಕ್ಕೆ ಔಷಧಿಯಿಲ್ಲ.

ಮುಸುರೆಯಲ್ಲಿ ಉಪ್ಪಿನಕಾಯಿ, ಸಾರು, ಪಲ್ಯಗಳ ಉಪ್ಪೆಲ್ಲ ಸೇರಿರುತ್ತದೆ. ನೀರು ಧಾರಾಳವಾಗಿದ್ದರೆ ತೊಂದರೆಯಿಲ್ಲ. ಹಾಲೂಡಿಸುವ ತಾಯಿಗೆ ದಿನಕ್ಕೆ 20ರಿಂದ 30 ಲೀಟರ್ ಬೇಕು. ಕರೆಂಟು ಹೋಗಿಯೋ ಕೊಳವೆ ಬಾವಿ ಬತ್ತಿಯೋ ಒಂದೆರಡು ದಿನ ನೀರು ತಪ್ಪಿದರೆ ಅದೇ ಉಪ್ಪು ವಿಷವಾಗುತ್ತದೆ. ಹಂದಿ ಕಣ್ಣು ಕಾಣದಂತೆ ಗೋಡೆಗೆ ತಲೆಯೊತ್ತಿ ನಿಲ್ಲುತ್ತದೆ, ನಾಯಿಯಂತೆ ಕುಕ್ಕರಿಸುತ್ತದೆ, ಸೆಳೆತ ಬಂದು ಬೀಳುತ್ತದೆ. ಆಗ ನೀರು ಬಂತೆಂದು ಬಾನಿ ತುಂಬಿಸಿಬಿಡಬೇಡಿ. ಒಮ್ಮೆಲೇ ಕುಡಿದರೆ ಮಿದುಳು ಊದಿ ಸಾಯುತ್ತದೆ. ಸ್ವಲ್ಪ ಸ್ವಲ್ಪವಾಗಿ, ಬಿಟ್ಟು ಬಿಟ್ಟು ಕುಡಿಸುತ್ತಾ, ಪಶುವೈದ್ಯರನ್ನು ತಡಮಾಡದೆ ಕರೆಸಿ.