ಪೇಂಟ್‌ಬಾಲ್ ಮಾರ್ಕರ್: ಅಗ್ಗವೆಂದರೆ ಯಾವುದು ಅಗ್ಗ?

ಬೆಂಗಳೂರಿನ ಹೊರವಲಯದ ರೆಸಾರ್ಟುಗಳಿಗೆ ವಾರಾಂತ್ಯದಲ್ಲಿ ಹೋಗಿಬಂದ ಸದಸ್ಯಮಿತ್ರರು ಪೇಂಟ್‌ಬಾಲ್ ಆಟವನ್ನು ಕಂಡಿರಬಹುದು. ಮುಖಕವಚ ಧರಿಸಿದ ಕಚೇರಿ ನೌಕರರು ಹಳೆಯ ಟೈರು, ಡ್ರಮ್ಮುಗಳ ಮರೆಯಲ್ಲಿ ಅಡಗಿ ಒಬ್ಬರ ಮೇಲೊಬ್ಬರು ಬಣ್ಣದ ಗುಂಡು ಹಾರಿಸುವ ಆಟವಿದು. ಗುಂಡು ಹಾರಿಸುವ ಸಾಧನಕ್ಕೆ ಮಾರ್ಕರ್ ಎಂದು ಹೆಸರು. ಅಗ್ಗದ ಮಾರ್ಕರುಗಳನ್ನು ಆಮದು ಮಾಡಿಕೊಂಡು ಮಾರಿದರೆ ಹೇಗೆ ಎಂದು ವರ್ತಕ ಮಿತ್ರರೊಬ್ಬರು ಈಚೆಗೆ ನನ್ನನ್ನು ಕೇಳಿದರು. ಮಾರ್ಕರಿನ ಬೆಲೆಯೊಂದನ್ನೇ ನೋಡಿ ಬಂಡವಾಳ ಹೂಡುವವರು ಕೈಸುಟ್ಟುಕೊಳ್ಳುವರೆಂಬುದು ನನ್ನ ಅಭಿಪ್ರಾಯ.

ಮೂಲತಃ ಇದು ಆಟದ ವಸ್ತುವೇ ಅಲ್ಲ. ಅಮೆರಿಕದಲ್ಲಿ ಮರಗಳಿಗೂ ದನಗಳಿಗೂ ದೂರದಿಂದ ಗುರುತು ಹಾಕಲು ನೆಲ್ಸನ್ ಪೇಂಟ್ ಕಂಪನಿಯು 'ನೆಲ್‌ಸ್ಪಾಟ್ 007' ಎಂಬ ಪಿಸ್ತೂಲನ್ನು ಮಾರುತ್ತಿತ್ತು. 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹೆನಿಕರ್‌ನ ಕಾಡಿನಲ್ಲಿ 12 ಮಂದಿ ಅದನ್ನೇ ಹಿಡಿದು ಮೊದಲ ಆಟವಾಡಿದರು. ಅಂದು ಗೆದ್ದವರು ಒಂದೇ ಒಂದು ಗುಂಡನ್ನೂ ಹಾರಿಸಿರಲಿಲ್ಲ. ಖರ್ಚಿಲ್ಲದೆ ಗೆಲ್ಲುವ ಈ ವಿದ್ಯೆ ವರ್ತಕರಾದ ನಮಗೆ ಮೆಚ್ಚುಗೆಯಾಗಬೇಕು! ಮುಂದೆ 1990ರ ದಶಕದಲ್ಲಿ ಬ್ರಾಸ್ ಈಗಲ್ ಕಂಪನಿಯ ಕಡಿಮೆ ಬೆಲೆಯ ಮಾರ್ಕರುಗಳು ವಾಲ್‌ಮಾರ್ಟ್ ಮಳಿಗೆಗಳಿಗೆ ಬಂದವು. ವರ್ಷಕ್ಕೆ ಎರಡು ಮೂರು ಬಾರಿ ಆಡುವ ಸಾಮಾನ್ಯರ ಕೈಗೂ ಆಟ ಎಟುಕಿತು.

ಆದರೆ ಬಾಡಿಗೆ ಮೈದಾನಗಳ ಮಾಲೀಕರು ಮೆಚ್ಚಿದ್ದು ಇಂಡಿಯಾನಾ ರಾಜ್ಯದ ಟಿಪ್‌ಮನ್ ಕಂಪನಿಯ 'ಮಾಡೆಲ್ 98'. ಅದರಲ್ಲಿ ಚಮತ್ಕಾರವೇನೂ ಇಲ್ಲ. ಎರಡು ಹೋಳಿನ ಅಲ್ಯೂಮಿನಿಯಂ ಕವಚ, ಒಳಗೆ ಸ್ಪ್ರಿಂಗು, ಸುತ್ತಿಗೆ, ಕವಾಟ. ಪ್ರತಿ ಗುಂಡು ಹಾರಿಸಿದಾಗಲೂ ಅನಿಲದ ಒಂದು ಪಾಲು ಸುತ್ತಿಗೆಯನ್ನು ಹಿಂದಕ್ಕೆ ತಳ್ಳಿ ಮುಂದಿನ ಗುಂಡಿಗೆ ಸಿದ್ಧಗೊಳಿಸುತ್ತದೆ. ಆಲನ್ ಕೀಲಿಯಿಂದ ಬಿಚ್ಚಿ, ಒರೆಸಿ, ಓ-ರಿಂಗ್ ಬದಲಿಸಿದರೆ ಮತ್ತೆ ಓಡುತ್ತದೆ. ನಾನು ಬಲ್ಲ ರೆಸಾರ್ಟ್ ಮಾಲೀಕರೊಬ್ಬರು ಇದಕ್ಕಿಂತ ಕಡಿಮೆ ಬೆಲೆಗೆ ಹೆಸರಿಲ್ಲದ ಮಾರ್ಕರುಗಳನ್ನು ತರಿಸಿದರು. ಒಂದೇ ಋತುವಿನಲ್ಲಿ ಅರ್ಧದಷ್ಟು ಮೂಲೆ ಸೇರಿದವು. ಕೆಟ್ಟದ್ದು ಕೆಲವು ರೂಪಾಯಿಯ ಸೀಲು. ಆ ಅಳತೆಯ ಸೀಲು ಎಲ್ಲಿಯೂ ದೊರೆಯಲಿಲ್ಲ.

ಇನ್ನು ಗುಂಡಿನ ವಿಷಯ. ಲೆಕ್ಕ ಇರುವುದೇ ಇಲ್ಲಿ. ಮಾರ್ಕರನ್ನು ಒಮ್ಮೆ ಕೊಂಡರೆ ವರ್ಷಗಟ್ಟಲೆ ಉಳಿಯುತ್ತದೆ. ಗುಂಡು ದಿನವೂ ಖರ್ಚಾಗುತ್ತದೆ. ದಿನಕ್ಕೆ 40 ಮಂದಿ ತಲಾ 50 ಗುಂಡು ಹಾರಿಸಿದರೂ 2,000 ಗುಂಡುಗಳ ಒಂದು ಪೆಟ್ಟಿಗೆ ಬರಿದಾಯಿತು. 0.68 ಅಂಗುಲ ವ್ಯಾಸದ ಈ ಗುಂಡು ಔಷಧಿಯ ಮೆತುಗುಳಿಗೆಯ ಒಡಹುಟ್ಟಿದ್ದು: ಹೊರಗೆ ಜೆಲಟಿನ್ ಸಿಪ್ಪೆ, ಒಳಗೆ ನೀರಿನಲ್ಲಿ ತೊಳೆದುಹೋಗುವ ಬಣ್ಣದ ದ್ರವ. ಜೆಲಟಿನ್ ತೇವವನ್ನು ಹೀರಿ ಊದಿಕೊಳ್ಳುತ್ತದೆ. ಊದಿದ ಗುಂಡು ನಳಿಗೆಯಲ್ಲಿ ಸಿಕ್ಕಿ ಒಡೆಯುತ್ತದೆ, ಇಲ್ಲವೇ ಮೆತ್ತಗಾಗಿ ಮೈಗೆ ಬಡಿದರೂ ಒಡೆಯದೆ ಪುಟಿಯುತ್ತದೆ. ಮಂಗಳೂರು, ಮಡಿಕೇರಿಗಳ ಮಳೆಗಾಲದಲ್ಲಿ ತೆರೆದಿಟ್ಟ ಪೆಟ್ಟಿಗೆಯ ಗತಿಯನ್ನು ಊಹಿಸಿಕೊಳ್ಳಬಹುದು. ಆದುದರಿಂದ ದಾಸ್ತಾನನ್ನು ಹಣ್ಣಿನ ವ್ಯಾಪಾರಿಯಂತೆ ನೋಡಿಕೊಳ್ಳಬೇಕೇ ಹೊರತು ಕಬ್ಬಿಣದ ವ್ಯಾಪಾರಿಯಂತಲ್ಲ. ಮೆತುಗುಳಿಗೆಯ ಯಂತ್ರ ಹೊಂದಿರುವ ಔಷಧಿ ತಯಾರಕರು ಈ ಪದಾರ್ಥದತ್ತ ಒಮ್ಮೆ ಕಣ್ಣು ಹಾಯಿಸಲಿ ಎಂಬುದು ನನ್ನ ಸಲಹೆ.

ಅಗ್ಗದ ಮಾರ್ಕರುಗಳು ಬಹುತೇಕ ಇಂಗಾಲದ ಡೈಆಕ್ಸೈಡಿನಿಂದಲೂ ನಡೆಯುವಂಥವು. 21 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಿಲಿಂಡರಿನೊಳಗಿನ ಒತ್ತಡ ಚದರ ಅಂಗುಲಕ್ಕೆ ಸುಮಾರು 850 ಪೌಂಡ್. 30 ಡಿಗ್ರಿಯಲ್ಲಿ ಅದು 1,000ವನ್ನು ಮೀರುತ್ತದೆ. ಬೆಳಿಗ್ಗೆ ಸರಿಯಿದ್ದ ಗುಂಡಿನ ವೇಗ ನಮ್ಮ ಏಪ್ರಿಲ್ ತಿಂಗಳ ಮಧ್ಯಾಹ್ನ ಸರಿಯಿರುವುದಿಲ್ಲವೆಂದು ಇದರ ಅರ್ಥ. ಸೆಕೆಂಡಿಗೆ 300 ಅಡಿ ಈ ಆಟದಲ್ಲಿ ಒಪ್ಪಿತವಾದ ಗರಿಷ್ಠ ಮಿತಿ. ಅನೇಕ ಮೈದಾನಗಳು 280ಕ್ಕೇ ನಿಲ್ಲಿಸುತ್ತವೆ. ಆ ವೇಗದ ಗುಂಡು ಬರಿಗಣ್ಣಿಗೆ ಬಡಿದರೆ ದೃಷ್ಟಿಯೇ ಹೋಗಬಹುದು. ಹೀಗಿದ್ದೂ ವೇಗಮಾಪಕವಿಲ್ಲದೆ, ಗೀಚುಬಿದ್ದ ಮುಖಕವಚ ಕೊಟ್ಟು ಆಡಿಸುವ ಮೈದಾನವನ್ನು ನಾನೇ ಕಂಡಿದ್ದೇನೆ. ಮಾರ್ಕರಿನಲ್ಲಿ ಉಳಿಸಿದ ಹಣವನ್ನು ಮುಖಕವಚಕ್ಕೆ ಹಾಕಲಿ. ಅಲ್ಲಿ ಚೌಕಾಸಿ ಬೇಡ.

ಕಾನೂನಿನ ತೊಡಕೂ ಇದೆ. ಆಮದಿಗೆ ಮುಂಗಡ ಕೊಡುವ ಮೊದಲೇ 1959ರ ಶಸ್ತ್ರಾಸ್ತ್ರ ಅಧಿನಿಯಮ, 2016ರ ಶಸ್ತ್ರಾಸ್ತ್ರ ನಿಯಮಗಳು, ಅದೇ ವರ್ಷದ ಅನಿಲ ಸಿಲಿಂಡರ್ ನಿಯಮಗಳು ಇವಿಷ್ಟನ್ನೂ ಬಲ್ಲವರಿಂದ ಓದಿಸಿಕೊಳ್ಳುವುದು ಲೇಸು. ಬಂದರಿನಲ್ಲಿ ಸರಕು ನಿಂತ ಮೇಲೆ ಓದಿ ಫಲವಿಲ್ಲ.

ನನ್ನ ಮಿತ್ರರಿಗೆ ನಾನು ಹೇಳಿದ್ದು ಇಷ್ಟೇ: ಮಾರ್ಕರ್ ತಯಾರಿಕೆಯ ಆಸೆ ಸದ್ಯಕ್ಕೆ ಬಿಡಿ; ಮೈದಾನಗಳಲ್ಲಿ ಈಗಾಗಲೇ ಇರುವ ಮಾರ್ಕರುಗಳಿಗೆ ಬೇಕಾದ ಓ-ರಿಂಗು, ಸ್ಪ್ರಿಂಗುಗಳ ಪಟ್ಟಿ ಮಾಡಿ, ಮಾದರಿಗಳನ್ನು ಪೀಣ್ಯದ ನುರಿತ ಘಟಕಗಳಿಗೆ ತೋರಿಸಿ. ನಮ್ಮ ಸಂಸ್ಥೆಯೂ ರೆಸಾರ್ಟ್ ಮಾಲೀಕರು, ಬಿಡಿಭಾಗ ತಯಾರಕರು ಹಾಗೂ ಸಂಬಂಧಪಟ್ಟ ಅಧಿಕಾರಿಗಳನ್ನು ಕೂಡಿಸಿ ಬೇಸಿಗೆ ರಜೆಗೆ ಮುನ್ನವೇ ಒಂದು ಸಭೆ ಕರೆಯಬೇಕೆಂದು ಪದಾಧಿಕಾರಿಗಳಲ್ಲಿ ಕೋರುತ್ತೇನೆ.