ತಿರುಗುತ್ತದೆ, ಆದರೆ ಗಾಳಿ ಹೊರಗೆ ಹೋಗುತ್ತಿದೆಯೇ?

ಹಾಲಿನ ಫ್ಯಾನ್ ನಿಂತರೆ ಅರ್ಧ ಗಂಟೆಯಲ್ಲಿ ಎಲೆಕ್ಟ್ರಿಷಿಯನ್ ಬರಬೇಕು. ಟಿ.ವಿ. ನಿಂತರಂತೂ ಕೇಳುವುದೇ ಬೇಡ! ಬಚ್ಚಲುಮನೆಯ ಎಕ್ಸಾಸ್ಟ್ ಫ್ಯಾನ್ ಮಾತ್ರ ತಿಂಗಳುಗಟ್ಟಲೆ ಗೊರಗೊರ ಎಂದರೂ ನಾವು 'ತಿರುಗುತ್ತಿದೆಯಲ್ಲ, ಇರಲಿ ಬಿಡಿ' ಎನ್ನುತ್ತೇವೆ. ಪ್ರಿಯ ಓದುಗರೇ, ತಿರುಗುವುದು ಬೇರೆ, ಗಾಳಿಯನ್ನು ಹೊರಗೆ ಹಾಕುವುದು ಬೇರೆ.

ತಮಿಳುನಾಡಿನ ದಿಂಡಿಗಲ್ ಸಮೀಪದ ಚಿನ್ನಾಳಪಟ್ಟಿಯ ಹೆಸರನ್ನು ನಮ್ಮ ತಾಯಂದಿರು ಸುಂಗುಡಿ ಸೀರೆಯ ಮೂಲಕ ಬಲ್ಲರು. ಮನೆಯೊಳಗೆ ಕನ್ನಡವನ್ನೇ ಆಡುವ ದೇವಾಂಗ ನೇಕಾರರು ಅಲ್ಲಿ ತಲೆಮಾರುಗಳಿಂದ ಬಾಳುತ್ತಿದ್ದಾರೆ. ಮಗ್ಗವಿರುವ ಮನೆಯಲ್ಲಿ ತೇವ ಎಂದರೆ ಗೋಡೆಯ ಸುಣ್ಣದ ಚಿಂತೆಯಷ್ಟೇ ಅಲ್ಲ. ನೂಲಿಗೆ, ಮಡಿಸಿಟ್ಟ ಸೀರೆಗೆ ಮುಗ್ಗಲು ವಾಸನೆ ಹತ್ತುತ್ತದೆ, ಬೂಷ್ಟು ಹಿಡಿಯುತ್ತದೆ. ಬಚ್ಚಲು ಹಿತ್ತಲಲ್ಲಿದ್ದ ಕಾಲದಲ್ಲಿ ಹಬೆ ನೇರ ಆಕಾಶಕ್ಕೆ ಹೋಗುತ್ತಿತ್ತು. ಈಗ ಬಚ್ಚಲು ಮಲಗುವ ಕೋಣೆಗೆ ಅಂಟಿಕೊಂಡು ಒಳಗೆ ಬಂದಿದೆ. ಅಲ್ಲಿನವರು ಐಪ್ಪಸಿ, ಕಾರ್ತಿಗೈ ಎನ್ನುವ ತಿಂಗಳುಗಳಲ್ಲಿ, ಅಂದರೆ ಅಕ್ಟೋಬರ್ ನಡುವಿನಿಂದ ಡಿಸೆಂಬರ್ ನಡುವಿನವರೆಗೆ, ಹಿಂಗಾರು ಮಳೆ ಹಿಡಿದರೆ ಹೊರಗೂ ತೇವ, ಒಳಗೂ ತೇವ. ಆಗ ಆ ಪುಟ್ಟ ಫ್ಯಾನೇ ಗತಿ.

ಫ್ಯಾನಿನ ಕೆಲಸವನ್ನು ಪರೀಕ್ಷಿಸಲು ನೇಕಾರರ ಮನೆಯಲ್ಲಿ ಎಂದೂ ಕೊರತೆಯಿಲ್ಲದ ವಸ್ತು ಒಂದೇ ಸಾಕು: ಒಂದು ಗೇಣು ನೂಲು. ಫ್ಯಾನ್ ಹಾಕಿ, ಬಚ್ಚಲಿನ ಬಾಗಿಲು ಮುಚ್ಚಿ, ಹೊರಗೆ ಕುಳಿತು ಬಾಗಿಲ ಕೆಳಗಿನ ಸಂದಿನ ಬಳಿ ನೂಲನ್ನು ಇಳಿಬಿಡಿ. ಅದು ಒಳಮುಖವಾಗಿ ಬಾಗಿದರೆ ಗಾಳಿ ಓಡುತ್ತಿದೆ. ಅಲುಗದಿದ್ದರೆ ಸದ್ದು ಎಷ್ಟೇ ಇದ್ದರೂ ಪ್ರಯೋಜನವಿಲ್ಲ. (ನೂಲನ್ನು ಫ್ಯಾನಿನ ರೆಕ್ಕೆಯ ಹತ್ತಿರ ಒಯ್ಯಬೇಡಿ, ಸುತ್ತಿಕೊಂಡೀತು.) ಸಂದೇ ಇಲ್ಲದ ಬಾಗಿಲಾದರೆ ಎರಡು ಬೆರಳಷ್ಟು ತೆರೆದು ನೋಡಿ. ಆಗ ನೂಲು ಬಾಗಿದರೆ ತಪ್ಪು ಫ್ಯಾನಿನದಲ್ಲ, ಬಾಗಿಲಿನದು! ಒಳಗೆ ಗಾಳಿ ಬರದೆ ಹೊರಗೆ ಹೋಗುವುದಾದರೂ ಏನು? ಬಡಗಿಯನ್ನು ಕರೆದು ಬಾಗಿಲ ಕೆಳಗೆ ಅರ್ಧ ಇಂಚು ಸಂದು ಬಿಡಿಸಿದರೆ ಆಯಿತು.

ಬಾಗಿಲು ಸರಿಯಿದ್ದೂ ನೂಲು ಬಾಗದಿದ್ದರೆ ಫ್ಯಾನಿಗೆ ಕೈಹಾಕಬೇಕು. ಮೊದಲು ಮೇನ್ ಸ್ವಿಚ್ ಆರಿಸಿ. ಗೋಡೆಯ ಸ್ವಿಚ್ ಆರಿಸಿದರೆ ಸಾಲದು, ಎಷ್ಟೋ ಮನೆಗಳಲ್ಲಿ ಅದು ಫೇಸ್ ಬದಲು ನ್ಯೂಟ್ರಲ್ ತಂತಿಯನ್ನು ಕಡಿಯುವಂತೆ ಜೋಡಿಸಿರುತ್ತಾರೆ. ಹೊರಗಡೆಯ ಪಟ್ಟಿಮುಚ್ಚಳ ನೋಡಿ. ಜೇಡರ ಬಲೆ, ಬಣ್ಣದ ಅಂಟು, ಗುಬ್ಬಿಯ ಗೂಡಿನ ಕಡ್ಡಿ ಸೇರಿ ಅದು ತೆರೆಯದೇ ಉಳಿದಿರಬಹುದು. ಮಗ್ಗದ ಮನೆಯಲ್ಲಿ ನೂಲಿನ ಧೂಳು ಹಬೆಯೊಂದಿಗೆ ಸೇರಿ ರೆಕ್ಕೆಯ ಮೇಲೆ ಕಂಬಳಿಯಂತೆ ಕೂತಿರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಮೋಟಾರಿಗೆ ಮಾತ್ರ ನೀರು ತಾಕಿಸಬೇಡಿ. ನಮ್ಮ ಅಂದಾಜಿನಲ್ಲಿ 'ಕೆಟ್ಟ' ಫ್ಯಾನುಗಳಲ್ಲಿ ಬಹಳಷ್ಟು ಇಷ್ಟಕ್ಕೇ ಗುಣವಾಗುತ್ತವೆ.

ಆಮೇಲೆ ರೆಕ್ಕೆಯನ್ನು ಕೈಯಿಂದ ತಿರುಗಿಸಿ. ಬಿಗಿಯಾಗಿದ್ದರೆ ಬುಷ್ ಒಣಗಿದೆ. ಎರಡು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡಿ. ಅಡಿಗೆಮನೆಯ ಕೊಬ್ಬರಿ ಎಣ್ಣೆ ಬೇಡ, ಕ್ರಮೇಣ ಅಂಟಾಗುತ್ತದೆ. ಸಲೀಸಾಗಿ ತಿರುಗುತ್ತದೆ, ಆದರೆ ಸ್ವಿಚ್ ಹಾಕಿದರೆ ಬರೀ ಗುಂಯ್ ಎನ್ನುತ್ತದೆಯೇ? ಕಂಡೆನ್ಸರ್ ಇರುವ ಫ್ಯಾನಾದರೆ ಮೊದಲ ಅನುಮಾನ ಅದರ ಮೇಲೆ. ಹಳೆಯದರ ಮೇಲೆ ಎಷ್ಟು ಮೈಕ್ರೊಫ್ಯಾರಡ್ ಎಂದು ಬರೆದಿದೆಯೋ ಅಷ್ಟೇ ತನ್ನಿ. ದೊಡ್ಡದನ್ನು ಹಾಕಿದರೆ ಜೋರಾಗಿ ತಿರುಗೀತೆಂಬ ಆಸೆಗೆ ಮೋಟಾರು ಸುಡಬಹುದು. ವಿದ್ಯುತ್ ಆರಿಸಿದ ಮೇಲೂ ಕಂಡೆನ್ಸರಿನಲ್ಲಿ ಸ್ವಲ್ಪ ವಿದ್ಯುತ್ ಉಳಿದಿರುತ್ತದೆ, ಆದ್ದರಿಂದ ಈ ಕೆಲಸ ಬಲ್ಲವರಿಗೇ ಬಿಡುವುದು ಲೇಸು.

ಸುಟ್ಟ ವಾಸನೆ ಬಂದಿದ್ದರೆ ವೈಂಡಿಂಗ್ ಹೋಗಿದೆ. ಸಣ್ಣ ಪ್ಲಾಸ್ಟಿಕ್ ಫ್ಯಾನಿಗೆ ಮತ್ತೆ ವೈಂಡಿಂಗ್ ಮಾಡಿಸುವುದು ದಂಡ. ದೊಡ್ಡ ಲೋಹದ ಫ್ಯಾನಿಗೆ ಮಾಡಿಸಿದಿರಾದರೆ ಮನೆಗೆ ತಂದು ಹಾಕಿದ ಮೇಲೆ ಅದೇ ನೂಲಿನ ಪರೀಕ್ಷೆ ಮಾಡಿ. ತಂತಿ ಅದಲುಬದಲಾಗಿ ಉಲ್ಟಾ ತಿರುಗಿದರೆ ಬಚ್ಚಲಿನ ವಾಸನೆಯನ್ನೆಲ್ಲ ಮನೆಯೊಳಗೇ ತಳ್ಳುತ್ತದೆ.

ಹೊಸದು ತರುವಾಗ ರೆಕ್ಕೆಯನ್ನಲ್ಲ, ಗೋಡೆಯ ಕಿಂಡಿಯನ್ನು ಅಳೆದುಕೊಂಡು ಅಂಗಡಿಗೆ ಹೋಗಿ. ಐದಡಿ ಅಗಲ, ಏಳಡಿ ಉದ್ದ, ಒಂಬತ್ತಡಿ ಎತ್ತರದ ಬಚ್ಚಲಿನಲ್ಲಿ 315 ಘನ ಅಡಿ, ಅಂದರೆ ಸುಮಾರು 9 ಘನ ಮೀಟರ್ ಗಾಳಿ ಇರುತ್ತದೆ. ಗಂಟೆಗೆ ಹತ್ತು ಸಲ ಬದಲಾಗಲು 90 ಘನ ಮೀಟರ್ ಸಾಕು. ಡಬ್ಬದ ಮೇಲಿನ ಅಂಕಿ ಏನೂ ಅಡ್ಡವಿಲ್ಲದಾಗಿನದು, ಆದ್ದರಿಂದ ಇದರ ಎರಡರಷ್ಟಿರುವುದನ್ನು ಕೊಳ್ಳಿ. ಲೋಹದ ಮೈಯಿದ್ದರೆ ಅರ್ತ್ ತಂತಿ ಕೊಡಿಸಲೇಬೇಕು. ಸ್ನಾನವಾದ ಮೇಲೂ ಕಾಲು ಗಂಟೆ ಓಡಲಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮನೆಭೇಟಿಗೆ ಹೋದಾಗ ಬಚ್ಚಲಿನ ಒಳಗೇ ಗ್ಯಾಸ್ ಗೀಸರ್ ತೂಗುಹಾಕಿರುವುದನ್ನು ನೋಡಿದ್ದೇವೆ. ಕೇಳಿದರೆ 'ಫ್ಯಾನ್ ಇದೆಯಲ್ಲ ಫಾದರ್' ಎಂಬ ಉತ್ತರ. 2025ರ ಅಕ್ಟೋಬರ್‌ನಲ್ಲಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ಇಬ್ಬರು ಅಕ್ಕತಂಗಿಯರು ಸ್ನಾನದ ಮನೆಯಲ್ಲಿ ಗ್ಯಾಸ್ ಗೀಸರಿನ ಅನಿಲಕ್ಕೆ ಬಲಿಯಾದದ್ದನ್ನು ಪತ್ರಿಕೆಗಳಲ್ಲಿ ಓದಿದೆವು. ಸಿಲಿಂಡರಿನ ಗ್ಯಾಸ್ ಸೋರಿದರೆ ಗೊತ್ತಾಗಲೆಂದೇ ಅದಕ್ಕೆ ವಾಸನೆ ಬೆರೆಸಿರುತ್ತಾರೆ. ಆದರೆ ಗಾಳಿ ಸಾಲದೆ ಉರಿಯುವ ಗ್ಯಾಸಿನಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ತಲೆಸುತ್ತು, ಕಾಲು ಸೋಲುವುದು, ಅಷ್ಟರಲ್ಲಿ ಬಾಗಿಲ ಚಿಲಕ ತೆಗೆಯಲೂ ಶಕ್ತಿ ಇರುವುದಿಲ್ಲ. ಮುಚ್ಚಿದ ಬಚ್ಚಲಿನಲ್ಲಿ ಫ್ಯಾನ್ ಹಾಕಿದರೆ ಹೊಗೆ ಹೊರಗೆ ಹೋಗುವ ಬದಲು ಗೀಸರಿನ ಕೊಳವೆಯಿಂದ ಒಳಕ್ಕೇ ಎಳೆದುಕೊಂಡು ಬರಲೂಬಹುದು. ಗ್ಯಾಸ್ ಗೀಸರ್ ಇರಬೇಕಾದದ್ದು ಹೊರಗಿನ ಗೋಡೆಯಲ್ಲಿ, ಗಾಳಿಯಾಡುವ ಕಡೆ. ಹೊರಗೆ ಹಾಕಿಸುವವರೆಗೆ ಬಾಗಿಲು ಕಿಟಕಿ ತೆರೆದಿಟ್ಟೇ ಬಕೆಟ್ಟಿಗೆ ಬಿಸಿನೀರು ತುಂಬಿಸಿ, ಗೀಸರ್ ಪೂರ್ತಿ ಆರಿಸಿ, ಒಂದಿಷ್ಟು ಹೊತ್ತು ಗಾಳಿಯಾಡಲು ಬಿಟ್ಟು, ಆಮೇಲೆ ಮಕ್ಕಳನ್ನು ಸ್ನಾನಕ್ಕೆ ಕಳಿಸಿ.