ಕೌದಿಯೊಳಗಿನ ಗಾಳಿ

ಪುಷ್ಯ ಮಾಸ ಕಾಲಿಡುವ ಹೊತ್ತಿಗೆ ಜಹೀರಾಬಾದಿನ ಸುತ್ತಲಿನ ಎತ್ತರದ ಬಯಲು ಸಂಜೆಯಾಗುತ್ತಲೇ ತಣ್ಣಗಾಗತೊಡಗುತ್ತದೆ. ಮೋಡವಿಲ್ಲದ ಆಕಾಶ, ಒಣಗಾಳಿ. ಹಗಲೆಲ್ಲ ನೆಲ ಹೀರಿಕೊಂಡ ಶಾಖವು ತಡೆಯುವವರಿಲ್ಲದೆ ಮೇಲಕ್ಕೆ ಹೊರಟುಹೋಗುತ್ತದೆ. ಕೊಹೀರ್, ನ್ಯಾಲ್ಕಲ್ ಭಾಗಗಳಲ್ಲಿ ಕೆಲವು ರಾತ್ರಿ ತಾಪಮಾನ 10 ಡಿಗ್ರಿ ಸೆಲ್ಸಿಯಸ್‌ಗಿಂತಲೂ ಕೆಳಗಿಳಿದು, ತೆಲಂಗಾಣದ ಅತಿ ತಂಪಾದ ಊರುಗಳ ಸಾಲಿನಲ್ಲಿ ಅವುಗಳ ಹೆಸರು ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದುಂಟು. ಆಗ ಮನೆಯ ಅಟ್ಟದಿಂದಲೋ ಕಬ್ಬಿಣದ ಪೆಟ್ಟಿಗೆಯಿಂದಲೋ ಕೌದಿ ಹೊರಬರುತ್ತದೆ.

ಕೌದಿಯೆಂದರೇನೆಂದು ಈ ಭಾಗದ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಉಟ್ಟು ಸವೆದ ಸೀರೆ, ಹರಿದ ಧೋತರ, ಮಕ್ಕಳಿಗೆ ಚಿಕ್ಕದಾದ ಅಂಗಿ, ಲಂಗದ ತುಂಡು ಇವುಗಳನ್ನು ಪದರ ಪದರವಾಗಿ ಹಾಸಿ, ಸಾಲುಸಾಲಾಗಿ ಕೈಹೊಲಿಗೆ ಹಾಕಿದ ಹೊದಿಕೆ ಅದು. ನೆರೆಮನೆಯ ತೆಲುಗಿನವರು ಅದನ್ನು ಬೊಂತ ಎನ್ನುತ್ತಾರೆ. ಮರಾಠಿಯವರು ಗೋಧಡಿ ಎನ್ನುತ್ತಾರೆ. 1956ರ ರಾಜ್ಯ ಪುನರ್ವಿಂಗಡಣೆಗೆ ಮುನ್ನ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿದ್ದವು. ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ಗಡಿ ಸರಿದ ಮೇಲೂ ಒಂದೇ ಓಣಿಯಲ್ಲಿ ಒಂದೇ ವಸ್ತುವಿಗೆ ಎರಡು ಮೂರು ಹೆಸರುಗಳು ಉಳಿದುಕೊಂಡಿವೆ.

ಈಚಿನ ವರ್ಷಗಳಲ್ಲಿ ಕೌದಿಯ ಪಕ್ಕದಲ್ಲಿ ಇನ್ನೊಂದು ಹೊದಿಕೆ ಬಂದು ಕುಳಿತಿದೆ. ಅದು ಅಂಗಡಿಯಿಂದ ತಂದ, ದೊಡ್ಡ ದೊಡ್ಡ ಹೂಗಳ ಚಿತ್ರವಿರುವ, ಕೈಯಿಟ್ಟರೆ ಜಾರುವಷ್ಟು ನುಣುಪಾದ ಪಾಲಿಯೆಸ್ಟರ್ ಕಂಬಳಿ. ಮಕ್ಕಳ ಕೈ ಮೊದಲು ಅದರತ್ತ ಹೋಗುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ತರಗತಿಯ ಗೆಳತಿ ಮನೆಗೆ ಬರುತ್ತಾಳೆಂದು ತಿಳಿದೊಡನೆ ಅಜ್ಜಿ ಹೊಲಿದ ಕೌದಿಯನ್ನು ಮಂಚದ ಕೆಳಗೆ ತಳ್ಳುವ ಮಗುವೂ ಇದೆ. ಆ ಮಗು ಬಚ್ಚಿಡುವುದು ಬಟ್ಟೆಯನ್ನಲ್ಲ, ಮನೆಯ ಬಡತನ ಕಂಡೀತೆಂಬ ಅಂಜಿಕೆಯನ್ನು. ಅಂಜಿಕೆಗೆ ಬುದ್ಧಿವಾದದಿಂದ ಉತ್ತರ ಸಿಗುವುದು ಕಷ್ಟ. ಕೌದಿಯನ್ನೇ ಬಿಚ್ಚಿ ನೋಡಿದರೆ ಸಿಗಬಹುದು.

ಮೊದಲು ಒಂದು ಪ್ರಶ್ನೆ. ಎರಡು ಸ್ಟೀಲ್ ಲೋಟಗಳಲ್ಲಿ ಒಂದೇ ಅಳತೆಯ ಮಂಜುಗಡ್ಡೆಯ ತುಂಡುಗಳನ್ನು ಹಾಕಿ, ನೆರಳಿರುವ ಕೋಣೆಯಲ್ಲಿಡಬೇಕು. ಒಂದನ್ನು ಹಾಗೆಯೇ ಬಿಟ್ಟು, ಇನ್ನೊಂದನ್ನು ಕೌದಿಯಲ್ಲಿ ನಾಲ್ಕು ಸುತ್ತು ಸುತ್ತಬೇಕು. ಯಾವುದು ಮೊದಲು ಕರಗುತ್ತದೆ? ತರಗತಿಯಲ್ಲಿ ಕೇಳಿದರೆ ಬಹುಮಂದಿ ಕೌದಿಯೊಳಗಿನದು ಎನ್ನುವರು, ಕೌದಿ ಬೆಚ್ಚಗಲ್ಲವೇ? ಆದರೆ ಅರ್ಧ ಗಂಟೆಯ ಬಳಿಕ ಬಿಚ್ಚಿ ನೋಡಿದರೆ ಹೊರಗಿಟ್ಟ ಮಂಜುಗಡ್ಡೆಯೇ ಹೆಚ್ಚು ಕರಗಿರುತ್ತದೆ. ಬೇಸಿಗೆಯಲ್ಲಿ ಮಂಜುಗಡ್ಡೆ ಮಾರುವವರು ಅದನ್ನು ಗೋಣಿತಟ್ಟಿನಲ್ಲಿ ಸುತ್ತಿಟ್ಟು, ಮರದ ಹೊಟ್ಟಿನಲ್ಲಿ ಹೂತಿಡುವುದೂ ಇದೇ ಕಾರಣಕ್ಕೆ.

ಕೌದಿಗೆ ಸ್ವಂತದ ಬಿಸಿ ಇಲ್ಲ. ಅದು ಶಾಖವನ್ನು ಕೊಡುವುದಿಲ್ಲ, ಶಾಖದ ಓಡಾಟವನ್ನು ನಿಧಾನಗೊಳಿಸುತ್ತದೆ ಅಷ್ಟೆ. ಹೊರಗಿನ ಶಾಖ ಮಂಜುಗಡ್ಡೆಯನ್ನು ಮುಟ್ಟದಂತೆ ತಡೆದ ಆ ಪದರಗಳೇ ರಾತ್ರಿ ದೇಹದ ಶಾಖ ಹೊರಗೆ ಹೋಗದಂತೆ ತಡೆಯುತ್ತವೆ. ಮನುಷ್ಯನ ದೇಹ ಸುಮಾರು 37 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಒಂದು ಸಣ್ಣ ಒಲೆ. ನಿದ್ದೆಯಲ್ಲಿರುವ ವಯಸ್ಕರ ದೇಹವೂ ಸುಮಾರು 70ರಿಂದ 80 ವ್ಯಾಟ್ ಶಾಖವನ್ನು ಹೊರಬಿಡುತ್ತಲೇ ಇರುತ್ತದೆ. ಹಳೆಯ ಕಾಲದ ಗಾಜಿನ ಬಲ್ಬೊಂದು ಉರಿದಷ್ಟು. ಕೌದಿಯ ಬೆಚ್ಚಗೆಲ್ಲ ಹೊದ್ದವರದೇ.

ಶಾಖವನ್ನು ತಡೆಯುವುದರಲ್ಲಿಯೂ ಬಟ್ಟೆಯ ಪಾಲಿಗಿಂತ ಗಾಳಿಯ ಪಾಲು ದೊಡ್ಡದು. ಅಲುಗಾಡದೆ ನಿಂತ ಗಾಳಿ ಶಾಖವನ್ನು ಬಹಳ ನಿಧಾನವಾಗಿ ದಾಟಿಸುತ್ತದೆ. ಆದರೆ ಗಾಳಿಯನ್ನು ಸುಮ್ಮನೆ ನಿಲ್ಲಿಸುವುದು ಸುಲಭವಲ್ಲ. ಬಿಸಿಯಾದ ಕೂಡಲೇ ಮೇಲೇರಿ, ತಣ್ಣನೆಯ ಗಾಳಿಗೆ ಜಾಗ ಕೊಡುವುದು ಅದರ ಸ್ವಭಾವ. ಐದಾರು ಪದರದ ಹಳೆಯ ಬಟ್ಟೆ ಮತ್ತು ಅವುಗಳ ನಡುವೆ ಬೆರಳಗಲದ ಅಂತರದಲ್ಲಿ ಓಡುವ ಹೊಲಿಗೆಯ ಸಾಲುಗಳು ಆ ಗಾಳಿಯನ್ನು ಸಣ್ಣ ಸಣ್ಣ ಕೋಣೆಗಳಲ್ಲಿ ಕೂಡಿಹಾಕುತ್ತವೆ. ಹೊಲಿಗೆ ತೀರ ವಿರಳವಾದರೆ ಪದರಗಳು ಜಾರಿ ಒಂದು ಕಡೆ ಗುಡ್ಡೆಯಾಗುತ್ತವೆ. ತೀರ ಬಿಗಿಯಾಗಿ ಎಳೆದರೆ ಪದರಗಳು ಒಂದಕ್ಕೊಂದು ಅಂಟಿ ಗಾಳಿಗೆ ಎಡೆಯಿರುವುದಿಲ್ಲ. ದಾರವನ್ನು ಎಷ್ಟು ಎಳೆಯಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಹೊಲಿಯುವವರ ಬೆರಳು ಬಲ್ಲದು. ಪಠ್ಯಪುಸ್ತಕ ಅದನ್ನೇ ಉಷ್ಣನಿರೋಧಕವೆಂಬ ಪಾಠದಲ್ಲಿ ಹೇಳುತ್ತದೆ.

ಇದೇ ಪಾಠದ ಇನ್ನೊಂದು ಮುಖವನ್ನು ತಾಂಡೂರಿನ ಮಕ್ಕಳು ದಿನವೂ ತುಳಿಯುತ್ತಾರೆ. ಅಲ್ಲಿನ ಗಣಿಗಳಿಂದ ತೆಗೆದ ಸುಣ್ಣದ ಕಲ್ಲಿನ ಚಪ್ಪಡಿಗಳು ಊರೂರಿನ ಮನೆಗಳಿಗೆ ನೆಲಹಾಸಾಗಿವೆ. ಚಳಿಗಾಲದ ಬೆಳಗ್ಗೆ ಆ ಕಲ್ಲಿನ ಮೇಲೆ ಬರಿಗಾಲಿಟ್ಟರೆ ಕಾಲು ಜುಮ್ಮೆನ್ನುತ್ತದೆ; ಪಕ್ಕದಲ್ಲಿಯೇ ಹಾಸಿದ ಕೌದಿಯ ಮೇಲಿಟ್ಟರೆ ಹಿತವೆನಿಸುತ್ತದೆ. ಕಲ್ಲು ಕೌದಿಗಿಂತ ತಣ್ಣಗಿದೆಯೆಂದು ತೋರುತ್ತದೆ. ಆದರೆ ರಾತ್ರಿಯಿಡೀ ಒಂದೇ ಕೋಣೆಯಲ್ಲಿ ಯಾರೂ ಮಲಗದೆ ಬಿದ್ದಿದ್ದ ಕಲ್ಲು, ಕೌದಿ ಎರಡಕ್ಕೂ ಉಷ್ಣಮಾಪಕ ಹಿಡಿದರೆ ಅಂಕಿ ಹೆಚ್ಚುಕಡಿಮೆ ಒಂದೇ. ಕಲ್ಲು ಕಾಲಿನ ಶಾಖವನ್ನು ಬೇಗನೆ ಎಳೆದುಕೊಳ್ಳುತ್ತದೆ, ಗಾಳಿ ತುಂಬಿದ ಕೌದಿ ಎಳೆದುಕೊಳ್ಳುವುದಿಲ್ಲ. ಚರ್ಮಕ್ಕೆ ಗೊತ್ತಾಗುವುದು ವಸ್ತುವಿನ ತಾಪಮಾನಕ್ಕಿಂತ ಹೆಚ್ಚಾಗಿ ಶಾಖ ತನ್ನನ್ನು ಬಿಟ್ಟುಹೋಗುವ ವೇಗ.

ಇನ್ನು ಹಳೆಯ ಬಟ್ಟೆಯೇ ಏಕೆ? ಹೊಸದು ಕೊಳ್ಳಲಾಗದ್ದು ಒಂದು ಕಾರಣ, ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಅದೊಂದೇ ಕಾರಣವಲ್ಲ. ಹೊಸ ಹತ್ತಿಬಟ್ಟೆಯಲ್ಲಿ ಗಂಜಿಯ ಬಿರುಸು ಇರುತ್ತದೆ, ನೂಲು ಬಿಗಿಯಾಗಿರುತ್ತದೆ. ನೂರಾರು ಸಲ ಒಗೆದು ಒಣಗಿಸಿದ ಸೀರೆಯಲ್ಲಿ ಗಂಜಿ ಹೋಗಿ, ನೂಲು ಸಡಿಲವಾಗಿ, ಎಳೆಗಳ ತುದಿಗಳು ಸಣ್ಣಗೆ ಮೇಲೆದ್ದಿರುತ್ತವೆ. ಅಂಥ ಬಟ್ಟೆಯ ಐದಾರು ಪದರಗಳನ್ನೂ ಸೂಜಿ ಸಲೀಸಾಗಿ ದಾಟುತ್ತದೆ. ಎಳೆಗೂಸಿಗೆ ಹೊದಿಸಲು ಹಿರಿಯರು ಅಜ್ಜಿಯ ಸವೆದ ಸೀರೆಯ ತುಂಡನ್ನೇ ಹುಡುಕುವುದು ಪ್ರೀತಿಯಿಂದ ಹೌದು, ಮೃದುತನದ ಲೆಕ್ಕದಿಂದಲೂ ಹೌದು.

ಹತ್ತಿಗೆ ಇನ್ನೊಂದು ಗುಣವಿದೆ: ಅದು ನೀರಿನ ನೆಂಟ. ಗಾಳಿಯ ತೇವಾಂಶ ಶೇಕಡಾ 65ರಷ್ಟಿರುವಾಗ 100 ಗ್ರಾಂ ಒಣ ಹತ್ತಿ ಸುಮಾರು 8 ಗ್ರಾಂ ತೇವವನ್ನು ತನ್ನೊಳಗೆ ಇಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಇಟ್ಟುಕೊಳ್ಳುವುದಿಲ್ಲ. ರಾತ್ರಿ ಬೆವರಿದರೆ ಹತ್ತಿ ಅದನ್ನು ಹೀರಿಕೊಳ್ಳುವುದರಿಂದ ಮೈ ಅಂಟಂಟಾಗುವುದಿಲ್ಲ. ಆದರೆ ಹೀರಿಕೊಂಡ ನೀರು ಹೊರಹೋಗದಿದ್ದರೆ ತೊಂದರೆ. ನೀರು ನಿಂತ ಗಾಳಿಗಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ಬೇಗ ಶಾಖವನ್ನು ದಾಟಿಸುವುದರಿಂದ ಒದ್ದೆಯಾದ ಕೌದಿ ಹೊದ್ದೂ ಹೊದೆಯದಂತೆ. ಕೌದಿಯನ್ನು ಬಿಸಿಲಿಗೆ ಹಾಕಿ, ಕೋಲಿನಿಂದ ಬಡಿದು ಮಡಿಸುವ ರೂಢಿಯ ಒಳಗುಟ್ಟು ಇದು. ಬಿಸಿಲು ತೇವವನ್ನು ಓಡಿಸುತ್ತದೆ. ಬಡಿತವು ಧೂಳನ್ನು ಉದುರಿಸಿ, ಚಪ್ಪಟೆಯಾದ ಪದರಗಳ ನಡುವೆ ಮತ್ತೆ ಗಾಳಿ ತುಂಬುತ್ತದೆ. ಅದೇ ಬಿಸಿಲಿನ ನೇರಳಾತೀತ ಕಿರಣಗಳು ಬಟ್ಟೆಯ ಬಣ್ಣವನ್ನೂ ಮುರಿಯುತ್ತವೆ. ಆದ್ದರಿಂದಲೇ ಜಾಣರು ಕೌದಿಯನ್ನು ಮಗುಚಿ, ಹಿಂಬದಿಯನ್ನು ಸೂರ್ಯನಿಗೆ ತೋರಿಸುತ್ತಾರೆ.

ಪಾಲಿಯೆಸ್ಟರ್ ಕಂಬಳಿಯನ್ನು ದೂರಬೇಕಾಗಿಲ್ಲ. ಅದರ ನವಿರಾದ ಜುಂಗುಗಳ ನಡುವೆಯೂ ಗಾಳಿಯೇ ಕುಳಿತಿರುತ್ತದೆ. ಅದು ಹಗುರ, ಬೇಗ ಒಣಗುತ್ತದೆ, ಚಳಿಯನ್ನೂ ತಡೆಯುತ್ತದೆ. ಮಕ್ಕಳನ್ನು ನಗಿಸುವ ಒಂದು ಆಟವೂ ಅದಕ್ಕೆ ಗೊತ್ತು. ಒಣಚಳಿಯ ರಾತ್ರಿ ದೀಪ ಆರಿಸಿ ಅದನ್ನು ಸರ‍್ರನೆ ಎಳೆದರೆ ಚಟಪಟ ಸದ್ದಾಗಿ ಕತ್ತಲಲ್ಲಿ ಸಣ್ಣ ಕಿಡಿಗಳು ಮಿಂಚುತ್ತವೆ. ಉಜ್ಜಾಟದಲ್ಲಿ ವಿದ್ಯುದಂಶ ಒಂದು ಮೇಲ್ಮೈಯಿಂದ ಇನ್ನೊಂದಕ್ಕೆ ಜಿಗಿದು ಅಲ್ಲಿಯೇ ಸಿಕ್ಕಿಬೀಳುತ್ತದೆ. ತೇವವಿಲ್ಲದ ಬಟ್ಟೆಯಲ್ಲಿ ಹರಿದುಹೋಗಲು ಅದಕ್ಕೆ ದಾರಿಯಿಲ್ಲ. ಹತ್ತಿಯ ಕೌದಿ ಸದ್ದಿಲ್ಲದೆ ಮಲಗುತ್ತದೆ, ಏಕೆಂದರೆ ಅದರೊಳಗಿನ ತೇವವೇ ಆ ವಿದ್ಯುತ್ತಿಗೆ ದಾರಿ. ಆದರೆ ಹರಿದ ಕೌದಿಗೆ ಮನೆಯಲ್ಲಿಯೇ ತೇಪೆ ಹಾಕಬಹುದು. ಜುಂಗು ಉದುರಿದ ಕಂಬಳಿಗೆ ಅಂಥ ಮದ್ದಿಲ್ಲ. ಅದರ ಉದುರಿದ ಎಳೆಗಳು ಒಗೆದ ನೀರಿನೊಡನೆ ಹಳ್ಳ ಸೇರಿ, ಬಹುಕಾಲ ಕೊಳೆಯದೆ ಉಳಿಯುತ್ತವೆ.

ಕೌದಿಯನ್ನು ಒಬ್ಬರೇ ಹೊಲಿಯಬಹುದು. ಆದರೆ ಸಾಮಾನ್ಯವಾಗಿ ಅದು ಒಬ್ಬರ ಕೆಲಸವಾಗಿ ಉಳಿಯುವುದಿಲ್ಲ. ಸುಗ್ಗಿಯ ಬಳಿಕದ ಬಿಡುವಿನ ಮಧ್ಯಾಹ್ನ ಅಂಗಳದಲ್ಲಿ ಬಟ್ಟೆ ಹಾಸಿದರೆ, ಒಬ್ಬಳು ಒಂದು ಅಂಚಿನಲ್ಲಿಯೂ ಅವಳ ಗೆಳತಿ ಎದುರಂಚಿನಲ್ಲಿಯೂ ಕೂರುತ್ತಾರೆ. ತುಂಡು ಸಾಲದಿದ್ದರೆ ನೆರೆಮನೆಯಿಂದ ಬರುತ್ತದೆ. ಆ ಮನೆಯ ಮದುವೆಯ ಸೀರೆಯ ಸೆರಗು ಈ ಮನೆಯ ಮಗುವಿನ ಹೊದಿಕೆಯಾಗುತ್ತದೆ. ಕೌದಿಯನ್ನು ಹತ್ತಿರದಿಂದ ನೋಡಿದರೆ ಎರಡು ಕೈಗಳ ಗುರುತು ಕಾಣುತ್ತದೆ: ಒಬ್ಬಳ ಹೊಲಿಗೆ ಅಕ್ಕಿಕಾಳಿನಷ್ಟು ಸಣ್ಣದು, ಇನ್ನೊಬ್ಬಳದು ಹುಣಸೆಬೀಜದಷ್ಟು ಉದ್ದ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಮೂಲೆಯಿಂದ ಆರಂಭಿಸಿ ಅಂಚಿನ ಸುತ್ತ ಹೊಲಿಯುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗಳಿಗೂ ಮಡಿಸಿದ ಬಟ್ಟೆಯ 'ಫೂಲ' ಇಡುತ್ತಾರೆ. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಮುಗಿದ ಕೌದಿಯಲ್ಲ. ಹಳೆಯ ಬಟ್ಟೆಗೂ ಅಲಂಕಾರ ಬೇಕೆಂಬುದನ್ನು ಅವರಿಗೆ ಯಾವ ಫ್ಯಾಷನ್ ಶಾಲೆಯೂ ಕಲಿಸಿದ್ದಲ್ಲ.

ಈಗ ಮಂಚದ ಕೆಳಗೆ ತಳ್ಳಿದ ಕೌದಿಯ ಮಾತಿಗೆ ಮರಳಬಹುದು. ಜಪಾನಿನ ಉತ್ತರ ಭಾಗದ ಕಡುಚಳಿಯಲ್ಲಿ ಹತ್ತಿ ಬೆಳೆಯುತ್ತಿರಲಿಲ್ಲ. ಅಲ್ಲಿನ ಬಡ ರೈತರು ಸಿಕ್ಕ ಚಿಂದಿಯನ್ನೆಲ್ಲ ತೇಪೆಯ ಮೇಲೆ ತೇಪೆ ಹಾಕಿ ತಲೆಮಾರುಗಳವರೆಗೆ ತೊಟ್ಟು ಹೊದ್ದರು. 'ಬೋರೋ' ಎಂದು ಕರೆಯುವ ಆ ಬಟ್ಟೆಗಳನ್ನು ಅವರ ಮಕ್ಕಳು ಬಡತನದ ಗುರುತೆಂದು ಬಚ್ಚಿಟ್ಟದ್ದುಂಟು. ಮುಂದೆ ಅವೇ ಟೋಕಿಯೋದ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಗೊಂಡವು. ಇಂದು ಮಹಾನಗರಗಳಲ್ಲಿ ತೇಪೆಯ ಅಂಗಿ, ಹಳೆಯ ಸೀರೆಯಿಂದ ಹೊಲಿದ ಕುರ್ತಾ, ಇತರರು ಉಟ್ಟು ಬಿಟ್ಟ ಬಟ್ಟೆ ಫ್ಯಾಷನ್ ಎನಿಸಿಕೊಂಡು ಒಳ್ಳೆಯ ಬೆಲೆಗೆ ಮಾರಾಟವಾಗುತ್ತಿವೆ. ಅದಕ್ಕೆ ಕಾರಣವೂ ಇದೆ: ಒಂದು ಹತ್ತಿಯ ಟೀ ಶರ್ಟಿನ ಹಿಂದೆ, ಹೊಲದಿಂದ ಅಂಗಡಿಯವರೆಗೆ, ಸುಮಾರು 2,700 ಲೀಟರ್ ನೀರು ಖರ್ಚಾಗುತ್ತದೆಂಬ ಅಂದಾಜು ಜಗತ್ತಿನಾದ್ಯಂತ ಪ್ರಚಲಿತವಾಗಿದೆ. ಇರುವ ಬಟ್ಟೆಯನ್ನು ಇನ್ನೆರಡು ವರ್ಷ ಬಾಳಿಸಿದರೆ ಅಷ್ಟರ ಮಟ್ಟಿಗೆ ನೀರು ಉಳಿಯುತ್ತದೆ.

ಆದರೂ ಬೇಕೆಂದು ಹಳೆಯದನ್ನು ತೊಡುವುದು ಬೇರೆ, ಬೇರೆ ದಾರಿಯಿಲ್ಲದೆ ತೊಡುವುದು ಬೇರೆ. ಅಣ್ಣನ ಸಮವಸ್ತ್ರವನ್ನು ಕತ್ತರಿಸಿ ಹೊಲಿಸಿಕೊಂಡು ಶಾಲೆಗೆ ಬರುವ ಮಗುವಿಗೆ ನೀರಿನ ಲೆಕ್ಕ ಸಮಾಧಾನ ತರದು. ಆ ಮಗುವಿನ ತಲೆ ಬಾಗುವುದೂ ಎತ್ತುವುದೂ ಪಕ್ಕದ ಬೆಂಚಿನ ಗೆಳೆಯ ಏನನ್ನುತ್ತಾನೆಂಬುದರ ಮೇಲೆ ನಿಂತಿದೆ. 'ಇದು ನಿಮ್ಮಣ್ಣನದಲ್ಲವೇ' ಎಂಬ ಮಾತನ್ನು ನಗುವಿಗಾಗಿಯೂ ಆಡಬಹುದು, 'ಯಾರು ಹೊಲಿದರು, ಚೆನ್ನಾಗಿ ಕೂತಿದೆ' ಎಂದು ಕೇಳುವುದಕ್ಕಾಗಿಯೂ ಆಡಬಹುದು. ಎರಡನೆಯದನ್ನು ಮನೆಯಲ್ಲಿ ಕೇಳಿ ಬೆಳೆದ ಮಕ್ಕಳು ಶಾಲೆಯಲ್ಲಿಯೂ ಅದನ್ನೇ ಆಡುತ್ತಾರೆ. ಇದು ಪಾಲಕರ ಕೈಯಲ್ಲಿರುವ ಕೆಲಸ.

ಸಂಕ್ರಾಂತಿಯ ರಜೆ ಹತ್ತಿರ ಬಂದಿದೆ. ಮಂಜುಗಡ್ಡೆಯ ಪರೀಕ್ಷೆ ಮುಗಿದ ಮೇಲೆ ಇಬ್ಬರು ಸ್ನೇಹಿತರು ಕೂಡಿ ಒಂದು ಗೇಣು ಉದ್ದ, ಒಂದು ಗೇಣು ಅಗಲದ ಪುಟ್ಟ ಕೌದಿ ಹೊಲಿಯಬಹುದು. ತರಗತಿಯಲ್ಲಿ ಕೂರುವ ಆಸನಕ್ಕೋ ಬಿಸಿ ಪಾತ್ರೆ ಇಳಿಸುವುದಕ್ಕೋ ಆಗುತ್ತದೆ. ಎರಡೂ ಮನೆಯ ಹಳೆಯ ಹತ್ತಿಬಟ್ಟೆಯ ಐದು ಪದರ, ಎದುರುಬದುರು ಎರಡು ಸೂಜಿ, ಸಾಲಿನಿಂದ ಸಾಲಿಗೆ ಬೆರಳಗಲದ ಅಂತರ ಸಾಕು. ದಾರವನ್ನು ಎಷ್ಟು ಎಳೆಯಬೇಕೆಂಬುದನ್ನು ಮಾತ್ರ ಬರೆದು ತಿಳಿಸಲಾಗದು. ಅದಕ್ಕೆ ಅಜ್ಜಿಯ ಬಳಿಯಲ್ಲಿಯೇ ಕೂರಬೇಕು. ಅವಳ ಕಣ್ಣಿಗೆ ಈಗ ಸೂಜಿಯ ತೂತು ಕಾಣದಿರಬಹುದು. ದಾರ ಪೋಣಿಸಿ ಕೊಡುವುದು ಮೊಮ್ಮಕ್ಕಳ ಕೆಲಸ. ಮುಂದಿನದು ಅವಳ ಬೆರಳಿಗೆ ಇನ್ನೂ ನೆನಪಿದೆ.